ಹೊರದೇಶದವರು ನಮ್ಮೂರಿಗೆ ಬರುತ್ತಿದ್ದಾರೆ, ಏನು ತೋರಿಸಲಿ?

ಬಿಸಿಲೂರು_ಹುಡುಗಿ (ಕಲಬುರಗಿ), ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಒಂದು ಚಿಕ್ಕ ಸಂಸ್ಥೆಯಲ್ಲಿ ಇದ್ದೇನೆ. ಹಳ್ಳಿ ಸುತ್ತೋದು, ಫಾರಂ ತುಂಬೋದು, ವರದಿ ಬರೆಯೋದು ನನ್ನ ಕೆಲಸ. ಬರುವ ವಾರ ಏಳು ಜನರ ತಂಡ ಬರುತ್ತಿದೆ. ಕೀನ್ಯಾ, ಮಲಾವಿ, ನೇಪಾಳದವರು, ಮತ್ತೆ ಇಬ್ಬರು ಯುರೋಪಿನವರು. ಮೊಬೈಲು, ಕಂಪ್ಯೂಟರು ಇಟ್ಟುಕೊಂಡು ಬಡವರ ಬದುಕಿಗೆ ಏನು ಮಾಡಬಹುದು ಅಂತ ದೇಶ ದೇಶ ತಿರುಗಿ ನೋಡುವವರು ಇವರು.

ನಮ್ಮ ಸಾಹೇಬರ ಪಟ್ಟಿ ಆಗಲೇ ಸಿದ್ಧ. ಏಸಿ ಕೋಣೆಯಲ್ಲಿ ದೊಡ್ಡ ಪರದೆ, ಅದರಲ್ಲಿ ಕೆಂಪು ಹಸಿರು ಚುಕ್ಕೆಗಳ ನಕ್ಷೆ, ಒಂದು ಪಿಪಿಟಿ, ಊಟ, ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ. ಎರಡನೇ ದಿನದ ಅರ್ಧ ಹೊತ್ತು ಮಾತ್ರ ನನ್ನ ಕೈಗೆ ಬಿಟ್ಟಿದ್ದಾರೆ. ನಿಮ್ಮ ಕೈಗೆ ಸಿಕ್ಕಿದ್ದರೆ ಏನು ತೋರಿಸುತ್ತಿದ್ದಿರಿ?

ಸುಮ್ನೆ_ಓದುವವ, 9:52

ಮಧ್ಯಾಹ್ನ ಎರಡಕ್ಕೆ ಹೊರಗೆ ನಿಲ್ಲಿಸಿ ಬಿಸಿಲು ತೋರಿಸು. ಅದಕ್ಕೆ ಆ್ಯಪ್ ಬೇಡ, ಸರ್ವರ್ ಬೇಡ.

ಹಳೇ_ದಫ್ತರ (ಬೀದರ್), 10:15

ತಂಗಿ, ಭೂಮಿ ಯೋಜನೆ ತೋರಿಸು. ನಾನು ಕಂದಾಯದಲ್ಲಿ ಗುಮಾಸ್ತನಾಗಿದ್ದು ನಿವೃತ್ತಿ ಆದವನು. ಪಹಣಿ ಕಂಪ್ಯೂಟರಿಗೆ ಏರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೂ ಮುಂಚೆ ಇಡೀ ರಾಜ್ಯದ ಪಹಣಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಇತ್ತು. ಬಟ್ಟೆಯಲ್ಲಿ ಕಟ್ಟಿದ ಗಂಟು, ಆ ಗಂಟು ಅವನ ಮನೆಯ ಮಂಚದ ಕೆಳಗೆ. ರೈತ ಹೋಗಿ ಕೈಮುಗಿದು ನಿಲ್ಲಬೇಕು. 2001ರ ಹೊತ್ತಿಗೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿನಲ್ಲಿ ಬಂತು. ಆಗ ತಾಲ್ಲೂಕು ಕಚೇರಿ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು ಕೈಗೆ. ವಿಶ್ವಬ್ಯಾಂಕಿನವರು ಅದನ್ನು ಜಗತ್ತಿಗೆಲ್ಲ ಹೇಳಿಕೊಂಡು ತಿರುಗಿದರು.

ನನಗೆ ಮೆಚ್ಚುಗೆ ಆದದ್ದು ಒಂದು ಸಣ್ಣ ವಿಷಯ. ಕೌಂಟರಿನಲ್ಲಿ ಎರಡು ಪರದೆ ಇಟ್ಟಿದ್ದರು. ಒಂದು ನಮ್ಮ ಕಡೆ, ಇನ್ನೊಂದು ರೈತನ ಕಡೆ ಮುಖ ಮಾಡಿ. ನಾವು ಏನು ನೋಡುತ್ತೇವೋ ಅವನೂ ಅದನ್ನೇ ನೋಡುತ್ತಿದ್ದ. ಓದೋಕೆ ಬರದವನೂ ಆ ಪರದೆ ಕಡೆಗೇ ನೋಡುತ್ತಾ ನಿಲ್ಲುತ್ತಿದ್ದ. ಹಕ್ಕು ಬದಲಾವಣೆ ಅರ್ಜಿಗೆ ಸರತಿ. ಮೊದಲು ಬಂದದ್ದು ಮೊದಲು, ದೊಡ್ಡವರದು ಅಂತ ಮುಂದೆ ತಳ್ಳೋ ಹಾಗಿಲ್ಲ.

ತಪ್ಪೂ ಹೇಳುತ್ತೇನೆ, ತಪ್ಪು ನಮ್ಮದೇ. ನಮ್ಮದು ನಿಜಾಮರ ಸೀಮೆ. ತಕರಾರು ಬಂದರೆ 1954-55ರ ಖಾಸ್ರಾ ಪಹಣಿ ತೆಗೆಯಬೇಕು, ಅದು ಉರ್ದುವಿನಲ್ಲಿ ಇರುತ್ತದೆ. ಉರ್ದು ಬರಹದಲ್ಲಿ ಗುಣಿತದ ಗುರುತು ಬಿಟ್ಟು ಬರೆಯುತ್ತಾರೆ. ಓದುವವನ ನಾಲಿಗೆ ಮೇಲೆ ಬಸಪ್ಪನೂ ಆಗುತ್ತದೆ, ಬುಸಪ್ಪನೂ ಆಗುತ್ತದೆ. ನಾವು ಅವಸರದಲ್ಲಿ ಯಾವುದೋ ಒಂದು ಹೊಡೆದು ಮುಂದೆ ಹೋದೆವು. ಕಾಗದದಲ್ಲಿದ್ದಾಗ ಅದು ಕೈತಪ್ಪು ಅಂತ ಊರೇ ಒಪ್ಪುತ್ತಿತ್ತು. ಕಂಪ್ಯೂಟರಿಗೆ ಹೋದ ಮೇಲೆ ಆ ಮನುಷ್ಯ ತಾನು ಬುಸಪ್ಪ ಅಲ್ಲ ಅಂತ ಸಾಬೀತು ಮಾಡೋಕೆ ಓಡಾಡಬೇಕಾಯಿತು.

ಶಹಾಪುರ_ಮಾಸ್ತರ್ (ಯಾದಗಿರಿ ಜಿಲ್ಲೆ), 10:31

ಶಾಲೆಗೆ ಮಾತ್ರ ಕರೆದುಕೊಂಡು ಹೋಗಬೇಡಮ್ಮ. ಹೋದರೆ ಎಲ್ಲರೂ ಮಾಡುವ ಹಾಗೆ ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಫೋಟೋ ತೆಗೆಯುತ್ತಾರೆ. ನಾನು ಹಿಂದೆ ಇದ್ದ ಒಂದು ಶಾಲೆಗೆ ದಾನಿಗಳು ಆರು ಕಂಪ್ಯೂಟರ್ ಕೊಟ್ಟರು. ಉದ್ಘಾಟನೆಗೆ ಪೆಂಡಾಲು, ಹಾರ, ಮೈಕು. ಆರು ತಿಂಗಳಿಗೆ ಯುಪಿಎಸ್ ಬ್ಯಾಟರಿ ಸತ್ತಿತು. ಹೊಸ ಬ್ಯಾಟರಿಗೆ ಯಾವ ಲೆಕ್ಕದಲ್ಲೂ ದುಡ್ಡಿಲ್ಲ. ಕೋಣೆಗೆ ಬೀಗ. ಆ ಬೀಗದ ಕೈ ವರ್ಗ ಆದ ಹೆಡ್ಮಾಸ್ತರರ ಜೊತೆಗೇ ಹೋಯಿತು ಅಂತ ಕೊನೆಗೆ ಗೊತ್ತಾಯಿತು.

ದೊಡ್ಡ ದೇಶಗಳಲ್ಲೂ ಇದೇ ಕಥೆ. 100 ಡಾಲರಿನ ಲ್ಯಾಪ್‌ಟಾಪ್ ಅಂತ 2005ರಲ್ಲಿ ನಿಕೋಲಸ್ ನೆಗ್ರೊಪಾಂಟೆ ಹೊರಟರಲ್ಲ, ಮಗುವಿಗೊಂದು ಲ್ಯಾಪ್‌ಟಾಪ್ ಅಂತ. ಪೆರು ದೇಶ 8 ಲಕ್ಷಕ್ಕೂ ಜಾಸ್ತಿ ಕೊಂಡಿತು. ಅಲ್ಲಿನ 319 ಹಳ್ಳಿ ಶಾಲೆಗಳನ್ನು ಅಳೆದು ನೋಡಿದ ವರದಿ 2012ರಲ್ಲಿ ಬಂತು. ಗಣಿತದಲ್ಲಿ, ಭಾಷೆಯಲ್ಲಿ ಮಕ್ಕಳ ಕಲಿಕೆ ಏರಿದ ಗುರುತೇ ಇಲ್ಲ. ಯಂತ್ರ ಬಂತು, ಅದನ್ನು ಪಾಠಕ್ಕೆ ಹೊಂದಿಸಿಕೊಳ್ಳೋದು ಹೇಗೆ ಅಂತ ಮಾಸ್ತರಿಗೆ ಸರಿಯಾಗಿ ಯಾರೂ ಹೇಳಿಕೊಡಲಿಲ್ಲ.

2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ತರಗತಿಯ ಮುಕ್ಕಾಲು ಮಕ್ಕಳ ಮನೆಯಲ್ಲಿ ದೊಡ್ಡ ಫೋನೇ ಇರಲಿಲ್ಲ. ವಿದ್ಯಾಗಮ ಅಂತ ಗುಡಿ ಕಟ್ಟೆ ಮೇಲೆ, ಬೇವಿನ ಮರದ ಕೆಳಗೆ ಕೂಡಿಸಿಕೊಂಡು ಪಾಠ ಮಾಡಿದೆವು. ತಂತ್ರಜ್ಞಾನ ಅಂದರೆ ಒಂದು ಸುತ್ತೋ ಬೋರ್ಡು, ಒಂದು ಡಬ್ಬಿ ಸೀಮೆಸುಣ್ಣ.

ಗಂಜ್_ಗುಮಾಸ್ತ (ಕಲಬುರಗಿ), 11:02

ಗಂಜಿಗೆ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಗೆ, ಕರೆದುಕೊಂಡು ಬಾ ಅಕ್ಕಾ. ನಾನು ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು, ಅಂದರೆ ಇದು ಈ ಸೀಮೆಯದೇ ಅನ್ನುವ ಗುರುತು, ಬಂದ ಊರು ಇದು, ನೋಡಲಿ.

ಈ ವಿಷಯದವರು ಬಂದಾಗಲೆಲ್ಲ ಕೇರಳದ ಮೀನುಗಾರರ ಕಥೆ ಹೇಳುತ್ತಾರೆ. ನಿಜವಾದ ಕಥೆನೇ. 1997ರ ಜನವರಿ 14ರ ಬೆಳಗ್ಗೆ ಬಡಗರ ಎಂಬಲ್ಲಿ 11 ದೋಣಿಯವರು ಹಿಡಿದ ಮೀನು ಕೊಳ್ಳುವವರಿಲ್ಲದೆ ಚೆಲ್ಲುವ ಹಾಗಾಯಿತು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗೆ 27 ಜನ ಮೀನಿಗಾಗಿ ಕಾಯುತ್ತಿದ್ದರು. ಆಮೇಲೆ ಮೊಬೈಲ್ ಬಂತು. ದೋಣಿಯಿಂದಲೇ ಫೋನ್ ಮಾಡಿ ದರ ಕೇಳಿ ದಡ ಸೇರೋಕೆ ಶುರು ಮಾಡಿದರು. ಅವರ ಲಾಭ ಸುಮಾರು ಶೇಕಡಾ 8 ಏರಿತು, ತಿನ್ನುವವರಿಗೆ ಮೀನು ಶೇಕಡಾ 4 ಅಗ್ಗ ಆಯಿತು. ರಾಬರ್ಟ್ ಜೆನ್ಸನ್ ಅನ್ನುವವರು 2007ರಲ್ಲಿ ಬರೆದರು.

ಇದನ್ನೇ ತಂದು ತೊಗರಿಗೆ ಅಂಟಿಸುತ್ತಾರೆ ನೋಡಿ, ಅಲ್ಲಿ ನನ್ನ ತಕರಾರು. ಮೀನು ಸಂಜೆಗೆ ಕೊಳೆಯುತ್ತದೆ, ತೊಗರಿ ಕೊಳೆಯೋದಿಲ್ಲ. ದರ ಗೊತ್ತಿಲ್ಲದ ರೈತ ಈಗ ಯಾರಿದ್ದಾರೆ? ಬೆಳಗ್ಗೆ ಹತ್ತಕ್ಕೆಲ್ಲ ವಾಟ್ಸಾಪಿನಲ್ಲಿ ಕಲಬುರಗಿ ದರ, ಲಾತೂರ್ ದರ, ಅಕೋಲಾ ದರ ಬಂದಿರುತ್ತದೆ. ಗೊತ್ತಿದ್ದು ಏನು ಮಾಡಲಿ? ಬಿತ್ತನೆ ಹೊತ್ತಿಗೆ ಅಡತಿಯಿಂದ ಮುಂಗಡ ತಂದಿದ್ದಾನೆ. ಮಾಲು ಅದೇ ಅಂಗಡಿಗೆ ಬರಬೇಕು. ನನ್ನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರೆದ ಬಾಕಿಯನ್ನು ಯಾವ ಆ್ಯಪ್ ಅಳಿಸುತ್ತದೆ ಹೇಳಿ.

ಇನ್ನೊಂದು. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಮರುವರ್ಷ ಸರ್ಕಾರ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ನಮ್ಮಲ್ಲೂ ಬಂಪರ್ ಬೆಳೆ. ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ, ಗಂಜಿನಲ್ಲಿ ಅದಕ್ಕಿಂತ ಕೆಳಗೆ. 2017ರ ಆಗಸ್ಟಿನಲ್ಲಿ ದೆಹಲಿಯಿಂದ ಆಮದಿಗೆ ಮಿತಿ ಹಾಕಿದರು. ಆಗ ಆಫ್ರಿಕಾದಲ್ಲಿ ನಮಗೋಸ್ಕರ ತೊಗರಿ ಬೆಳೆದವರು ಮುಳುಗಿದರು. ಫೋನಿನಲ್ಲಿ ದರ ಒಂದು ಕ್ಷಣಕ್ಕೆ ಸಿಗುತ್ತದೆ, ಹೌದು. ಆ ದರ ಕಟ್ಟುವ ಕೈ ಬೇರೆ ಕಡೆ ಇದೆ.

ತೊಗರಿ_ಹೊಲ (ಚಿಂಚೋಳಿ), 11:20

ಗುಮಾಸ್ತ ಅಣ್ಣಾ, ನಮ್ಮ ಬಾಕಿಯ ಪುಸ್ತಕ ಇಲ್ಲಿ ಬಿಚ್ಚಬೇಡ ಮಾರಾಯ 😄

ನನ್ನ ಕಡೆಯಿಂದ ಒಂದು. ನಮಗೆ ಫೋನಿಗೆ ಧ್ವನಿ ಸಂದೇಶ ಬರುತ್ತಿತ್ತು, ಯಾರ ಯೋಜನೆ ಅಂತ ಬೇಡ. ಹೆಣ್ಣು ಧ್ವನಿ, ಟಿವಿ ವಾರ್ತೆಯ ಕನ್ನಡ. 'ಪ್ರತಿ ಲೀಟರ್ ನೀರಿಗೆ ಇಂತಿಷ್ಟು ಮಿಲಿಲೀಟರ್ ಬೆರೆಸಿ ಸಿಂಪಡಿಸಿ.' ನಮ್ಮಪ್ಪ ಪೂರ್ತಿ ಕೇಳಿ, 'ಪಂಪಿಗೆ ಎಷ್ಟು ಮುಚ್ಚಳ ಅಂತ ಹೇಳು ಅಂತ ಕೇಳು ಆಕೆಗೆ' ಅಂದ. ಹೊಲದಲ್ಲಿ ಲೆಕ್ಕ ಇರೋದು ಪಂಪಿಗೆ, 16 ಲೀಟರಿನ ಪಂಪು. ಅಳತೆ ಇರೋದು ಬಾಟಲಿ ಮುಚ್ಚಳಕ್ಕೆ. ತಿರುಗಿ ಕೇಳೋಕೆ ಆ ಫೋನಿನಲ್ಲಿ ದಾರಿಯೇ ಇಲ್ಲ. ಆಕೆ ಹೇಳುತ್ತಾಳೆ, ನಾವು ಕೇಳಬೇಕು, ಅಷ್ಟೇ.

ಅದಕ್ಕಿಂತ ಕಿಸಾನ್ ಕಾಲ್ ಸೆಂಟರ್ ವಾಸಿ. 1800-180-1551, 2004ರಿಂದ ಆ ಸೆಂಟರ್ ಇದೆ. ಮನುಷ್ಯರು ಮಾತಾಡುತ್ತಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರ ಇ-ಸ್ಯಾಪ್ ಅಂತ ಒಂದಿತ್ತು. ಅದು ರೈತನ ಕೈಗೆ ಅಲ್ಲ, ಹೊಲಕ್ಕೆ ಬರುವ ಕೃಷಿ ಸಿಬ್ಬಂದಿ ಕೈಗೆ ಕೊಟ್ಟದ್ದು. ಗಿಡ ನೋಡಿ, ಹುಳದ ಚಿತ್ರ ಹೋಲಿಸಿ ಇದು ಕಾಯಿಕೊರಕ, ಇದು ನೆಟೆ ರೋಗ ಅಂತ ಗುರುತು ಹಚ್ಚೋದು. ಬಂದವನಿಗೆ ಬದುವಿನ ಮೇಲೆ ನಿಂತೇ ಪ್ರಶ್ನೆ ಕೇಳಬಹುದಿತ್ತು, ಪಂಪಿಗೆ ಎಷ್ಟು ಮುಚ್ಚಳ ಅಂತ ಸಹ.

ನೈರೋಬಿ_ಕನ್ನಡಿಗ (ಊರು ಭಾಲ್ಕಿ), ಮಂಗಳವಾರ ಬೆಳಗ್ಗೆ 7:05

ಕೀನ್ಯಾದವರು ಬರುತ್ತಾರೆ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಆರು ವರ್ಷ ನೈರೋಬಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡಿದ್ದೇನೆ. ನಾವು ಫೋನ್‌ಪೇ ನೋಡುವ ಎಷ್ಟೋ ಮುಂಚೆ, 2007ರ ಮಾರ್ಚಿನಲ್ಲಿ, ಅಲ್ಲಿ ಎಂ-ಪೆಸಾ ಶುರುವಾಗಿತ್ತು. ದೊಡ್ಡ ಫೋನೂ ಬೇಡ, ಇಂಟರ್ನೆಟ್ಟೂ ಬೇಡ. ಗುಂಡಿ ಒತ್ತುವ ಫೋನಿನಲ್ಲೇ ದುಡ್ಡು.

ಅದು ಹುಟ್ಟಿದ ರೀತಿ ಚೆನ್ನಾಗಿದೆ. ಬ್ರಿಟನ್ ಸರ್ಕಾರದ ನೆರವಿನ ದುಡ್ಡಿನಲ್ಲಿ ಸಫಾರಿಕಾಮ್ ಕಂಪನಿ ಮೊದಲು ಪ್ರಯೋಗ ಮಾಡಿದ್ದು ಸಣ್ಣ ಸಾಲದ ಕಂತು ಕಟ್ಟಿಸಿಕೊಳ್ಳೋಕೆ. ಜನ ಕಂತಿನ ಕಡೆ ಜಾಸ್ತಿ ಗಮನ ಕೊಡಲಿಲ್ಲ. ಒಬ್ಬರಿಂದ ಒಬ್ಬರಿಗೆ ದುಡ್ಡು ಕಳಿಸೋಕೆ ಬಳಸಿಕೊಂಡರು. ಕಂಪನಿಯವರು ಜನರನ್ನು ಬೈಯಲಿಲ್ಲ, ಯೋಜನೆಯನ್ನೇ ತಿರುಗಿಸಿದರು. 'ಊರಿಗೆ ದುಡ್ಡು ಕಳಿಸಿ' ಅಂತಲೇ ಜಾಹೀರಾತು. ಅದಕ್ಕೆ ಮುಂಚೆ ಅಲ್ಲಿಯವರು ಬಸ್ ಡ್ರೈವರ್ ಕೈಯಲ್ಲಿ ಕವರು ಕೊಟ್ಟು ಕಳಿಸುತ್ತಿದ್ದರು. ಪುಣೆಗೆ, ಮುಂಬೈಗೆ ಗುಳೆ ಹೋದ ನಮ್ಮವರ ಹಾಗೇ ಅಲ್ವಾ?

2016ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕ: ಎಂ-ಪೆಸಾದಿಂದ 1,94,000 ಮನೆಗಳು ಕಡುಬಡತನ ದಾಟಿವೆ, ಅಂದರೆ ಆ ದೇಶದ ಮನೆಗಳಲ್ಲಿ ನೂರಕ್ಕೆ ಎರಡು.

ನಾನು ಕಂಡದ್ದು ಇನ್ನೊಂದು. ಓಣಿ ಓಣಿಗೆ ಏಜೆಂಟರ ಗೂಡಂಗಡಿ. ಒಳಗೆ ಒಬ್ಬ ಹುಡುಗಿ, ಒಂದು ಫೋನು, ದಾರದಲ್ಲಿ ಪೆನ್ನು ಕಟ್ಟಿದ ಒಂದು ದಪ್ಪ ಪುಸ್ತಕ. ದುಡ್ಡು ಹಾಕಲಿ, ತೆಗೆಯಲಿ, ಗುರುತಿನ ಚೀಟಿ ನಂಬರ್ ಬರೆದು ಸಹಿ ಮಾಡಬೇಕು. ಜಗತ್ತೇ ಮೆಚ್ಚಿದ ಮೊಬೈಲ್ ದುಡ್ಡು ನಿಂತದ್ದು ಆ ಪುಸ್ತಕ, ಆ ಹುಡುಗಿಯ ಕಮಿಷನ್ ಮೇಲೆ. ಕಮಿಷನ್ ಇಲ್ಲದಿದ್ದರೆ ಆಕೆ ಯಾಕೆ ಬಾಗಿಲು ತೆಗೆದು ಕೂರುತ್ತಾಳೆ?

ಕೌಂಟರ್_ಅಕ್ಕ (ಸೇಡಂ ತಾಲ್ಲೂಕು), 7:48

ದಾರ ಕಟ್ಟಿದ ಪೆನ್ನು ಅಂದಿರಲ್ಲ ಅಣ್ಣಾ, ನನ್ನದೂ ಹಾಗೇ ಇದೆ. ಕಟ್ಟದಿದ್ದರೆ ದಿನಕ್ಕೊಂದು ಹೋಗುತ್ತದೆ.

ನಾನು ಊರಲ್ಲಿ ಸೇವಾ ಕೇಂದ್ರ ನಡೆಸುತ್ತೇನೆ. ಕಂಪ್ಯೂಟರ್ ನಮ್ಮದು, ಬಾಡಿಗೆ ನಮ್ಮದು, ಒಂದೊಂದು ಅರ್ಜಿಗೆ ಇಷ್ಟು ಅಂತ ಬರುತ್ತದೆ. ಬೆಳಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಕಟ್ಟೆ ಮೇಲೆ ಮುದುಕಿಯರು ಕೂತಿರುತ್ತಾರೆ. ಹತ್ತಿ ಬಿಡಿಸಿ, ತೊಗರಿ ಕೊಯ್ದು ಹೆಬ್ಬೆಟ್ಟಿನ ಗೆರೆಯೇ ಸವೆದಿದೆ. ಥಂಬ್ ಹತ್ತಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಒಂದಿಷ್ಟು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತೇನೆ, ಮತ್ತೆ ಒರೆಸುತ್ತೇನೆ. ಹೆಬ್ಬೆಟ್ಟು ಆಗದಿದ್ದರೆ ಉಂಗುರದ ಬೆರಳು. ಅದು ಸ್ವಲ್ಪ ವಾಸಿ, ಕೆಲಸ ಕಡಿಮೆ ಮಾಡಿರುತ್ತದೆ.

ಥಂಬ್ ಆದರೆ ಒಟಿಪಿ ಕಾಟ. ಆಧಾರಕ್ಕೆ ಜೋಡಿಸಿದ ನಂಬರ್ ಆಕೆಯದಲ್ಲ. ಮಗನದೋ, ಅಳಿಯನದೋ. ಅವನು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ. ಇಲ್ಲಿ ನಾನು ಗುಂಡಿ ಒತ್ತಿದರೆ ಒಟಿಪಿ ಪುಣೆಗೆ ಹೋಗುತ್ತದೆ. ಅವನು ಮೇಲೆ ಸೆಂಟ್ರಿಂಗ್ ಕೆಲಸದಲ್ಲಿ, ಫೋನು ಕೆಳಗೆ ಚೀಲದಲ್ಲಿ. ಅವನು ನೋಡುವ ಹೊತ್ತಿಗೆ ಒಟಿಪಿ ಸತ್ತಿರುತ್ತದೆ. ಅದಕ್ಕೆ ನಾನೊಂದು ಬುಕ್ಕು ಇಟ್ಟಿದ್ದೇನೆ. ಹೆಸರು, ಯಾರ ನಂಬರ್ ಜೋಡಿಸಿದೆ, ಅವರು ಎಲ್ಲಿದ್ದಾರೆ, ಊಟಕ್ಕೆ ಎಷ್ಟು ಗಂಟೆಗೆ ಇಳಿಯುತ್ತಾರೆ. ಪುಣೆಯವರದು ಒಂದು ಗಂಟೆಗೆ. ಹೈದರಾಬಾದಿನ ಹೋಟೆಲಿನವರದು ನಾಲ್ಕಕ್ಕೆ. ಆ ಹೊತ್ತಿಗೆ ಆಯಾ ಮುದುಕಿಯರನ್ನು ಕರೆಸುತ್ತೇನೆ.

ತಂಗಿ, ನಿನಗೆ ಬೇಕಿದ್ದರೆ ಕರೆದುಕೊಂಡು ಬಾ. ಚಹಾ ಕೊಡುತ್ತೇನೆ.

ಹುಮನಾಬಾದ್_ಟು_ಬೆಂಗಳೂರು, 8:30

ಅಕ್ಕಾ, ತಪ್ಪು ತಿಳಿಯಬೇಡಿ. ನಾನು ಇದೇ ತರಹದ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವನು. ಆ ಬುಕ್ಕು ಹೊರಗಿನವರಿಗೆ ತೋರಿಸೋದು ಸರಿಯಲ್ಲ. ಅಷ್ಟು ಜನರ ನಂಬರು, ಯಾರ ಮನೆಯ ಗಂಡಸರು ಊರಲ್ಲಿ ಇಲ್ಲ ಅನ್ನೋದು, ಎಲ್ಲ ಒಂದೇ ಕಡೆ. ಯಾರ ಕೈಗಾದರೂ ಸಿಕ್ಕರೆ? ಅದರಲ್ಲಿ ಆಧಾರ್ ನಂಬರೂ ಬರೆದಿದ್ದೀರಾ?

ನಮ್ಮ ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಅನ್ನೋ ಗುರುತಿನ ವ್ಯವಸ್ಥೆಯನ್ನು ಫಿಲಿಪ್ಪೀನ್ಸ್ ದೇಶವೇ ಬಳಸುತ್ತಿದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದಾದ ತೆರೆದ ಸಾಫ್ಟ್‌ವೇರ್. ತೋರಿಸೋದಾದರೆ ಅಂಥದ್ದರ ಬಗ್ಗೆ ಹೇಳಿ. ಕೊಬ್ಬರಿ ಎಣ್ಣೆ ತೋರಿಸಿದರೆ ಮರ್ಯಾದೆ ಹೋಗುತ್ತದೆ.

ಕೌಂಟರ್_ಅಕ್ಕ, 8:44

ಆಧಾರ್ ನಂಬರ್ ಬರೆಯೋದಿಲ್ಲ ತಮ್ಮಾ. ಬುಕ್ಕು ರಾತ್ರಿ ಮನೆಗೆ ಬರುತ್ತದೆ, ಜೋಳದ ಡಬ್ಬಿ ಹಿಂದೆ ಇರುತ್ತದೆ. ಫೋಟೋ ತೆಗೆಯೋಕೆ ಬಿಡಲ್ಲ. ಮರ್ಯಾದೆ ಹೋಗುವಂಥದ್ದು ಅದರಲ್ಲಿ ಏನಿದೆ?

ಹಳೇ_ದಫ್ತರ, 9:10

ಕೌಂಟರ್ ಅಕ್ಕನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಮಂಚದ ಕೆಳಗಿನ ಗಂಟಿಗೂ ಜೋಳದ ಡಬ್ಬಿ ಹಿಂದಿನ ಬುಕ್ಕಿಗೂ ಏನು ಫರಕು? ಲೆಕ್ಕಿಗನನ್ನು ದಾಟೋಕೆ ಕಂಪ್ಯೂಟರ್ ತಂದೆವು. ಈಗ ಕಂಪ್ಯೂಟರ್ ಮುಂದೆ ಹೊಸ ಲೆಕ್ಕಿಗ ಕೂತಿದ್ದಾನೆ. ಈ ಅಕ್ಕ ಒಳ್ಳೆಯವರು. ಪಕ್ಕದ ಊರಲ್ಲಿ ಒಬ್ಬ ಇದ್ದಾನೆ, ಪುಕ್ಕಟೆ ಆಗುವ ಅರ್ಜಿಗೆ 200 ರೂಪಾಯಿ ಕೇಳುತ್ತಾನೆ. ಕೊಡದಿದ್ದರೆ 'ಸರ್ವರ್ ಇಲ್ಲ, ನಾಳೆ ಬಾ.' ರೈತನ ಕಡೆಗೆ ಮುಖ ಮಾಡಿದ ಆ ಎರಡನೇ ಪರದೆ ಎಲ್ಲಿ ಹೋಯಿತು ಅಂತ ನಾನು ಕೇಳುವುದು.

ಕೌಂಟರ್_ಅಕ್ಕ, 9:25

ಕಾಕಾ, ಈ ಮಾತು ಒಪ್ಪುತ್ತೇನೆ. ನನ್ನಲ್ಲೂ ಪರದೆ ಒಂದೇ. ಮುದುಕಿಗೆ ತೋರಿಸಬೇಕು ಅಂದರೆ ಎದ್ದು ಮಾನಿಟರ್ ತಿರುಗಿಸಬೇಕು, ವೈರು ಗಿಡ್ಡ. ಆದರೆ ಒಂದು ಕೇಳಲಾ? ಆ ಲೆಕ್ಕಿಗರಿಗೆ ತಿಂಗಳ ಸಂಬಳ ಇತ್ತು. ಸರ್ವರ್ ಇಲ್ಲದ ದಿನ ನನಗೆ ಚಹಾದ ದುಡ್ಡೂ ಹುಟ್ಟಲ್ಲ.

ಶಹಾಪುರ_ಮಾಸ್ತರ್, 9:40

ಅಲ್ಲಿಗೇ ಕರೆದುಕೊಂಡು ಹೋಗಮ್ಮ. ಬೇರೆ ಯೋಚನೆ ಬೇಡ.

ಸುಮ್ನೆ_ಓದುವವ, 9:41

ಗಂಜಿಗೂ ಹೋಗಿ. ಗುಮಾಸ್ತ ಅಣ್ಣ ಶರ್ಟು ಇಸ್ತ್ರಿ ಮಾಡಿಸಿಕೊಂಡು ಕೂತಿರುತ್ತಾನೆ.

ಬಿಸಿಲೂರು_ಹುಡುಗಿ, ಮುಂದಿನ ವಾರ, ಶುಕ್ರವಾರ ರಾತ್ರಿ 10:20

ಬಂದರು, ಹೋದರು. ಎಲ್ಲರಿಗೂ ಹೇಳಲೇಬೇಕು.

ಮೊದಲ ದಿನ ದೊಡ್ಡ ಪರದೆ. ಸಾಹೇಬರು ಚುಕ್ಕೆ ತೋರಿಸುತ್ತಾ ಹೋದರು. ನೇಪಾಳದವರು ಒಂದೇ ಪ್ರಶ್ನೆ ಕೇಳಿದರು: 'ಈ ಕೆಂಪು ಚುಕ್ಕೆ ಹಸಿರಾಗಬೇಕಾದರೆ ಯಾರು ಏನು ಒತ್ತುತ್ತಾರೆ?' ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟಕ್ಕೆ ಎದ್ದೆವು.

ಎರಡನೇ ದಿನ ಬೆಳಗ್ಗೆ ಗಂಜ್. ರಾಶಿ ಹಾಕಿದ್ದ ತೊಗರಿಗೆ ಕೀನ್ಯಾದ ಮೇಡಂ ಕೈಹಾಕಿ, 'ಎಂಬಾಜಿ!' ಅಂದರು. ಅವರ ಕಡಲ ತೀರದಲ್ಲಿ ತೆಂಗಿನ ಹಾಲು ಹಾಕಿ ಮಾಡುತ್ತಾರಂತೆ. ಮಲಾವಿಯವರು ಇದನ್ನು 'ನಂದೋಲೋ' ಅಂದರು. ಅವರ ತಂದೆ ಬೆಳೆಗಾರರು. 2017ರಲ್ಲಿ ಕೊಳ್ಳುವವರು ಬರಲೇ ಇಲ್ಲ, ಮನೆಯಲ್ಲೇ ಉಳಿಯಿತು ಅಂದರು. ನಮ್ಮ ಗುಮಾಸ್ತ ಅಣ್ಣ ಆ ವರ್ಷದ ಗಂಜಿನ ದರ ಬಾಯಲ್ಲೇ ಹೇಳಿದ. ಇಬ್ಬರೂ ಹತ್ತು ನಿಮಿಷ ಕ್ಯಾಲ್ಕುಲೇಟರ್ ಮೇಲೆ ಮಾತಾಡಿದರು. ನಾನು ಅನುವಾದ ಮಾಡೋ ಅಗತ್ಯವೇ ಬರಲಿಲ್ಲ. (ಶರ್ಟು ನಿಜವಾಗಿಯೂ ಇಸ್ತ್ರಿ ಆಗಿತ್ತು.)

ಆಮೇಲೆ ಅಕ್ಕನ ಕೇಂದ್ರ. ನಾವು ಹೋದಾಗ ಕರೆಂಟ್ ಇಲ್ಲ. ಯುರೋಪಿನವರು ಗಡಿಯಾರ ನೋಡಿಕೊಂಡರು. ಕೀನ್ಯಾದ ಮೇಡಂ ಮಾತ್ರ ಸೀದಾ ಕೌಂಟರ್ ಒಳಗೇ ಹೋಗಿ ಸ್ಟೂಲ್ ಎಳೆದುಕೊಂಡು ಕೂತರು. ಕಾಲೇಜು ಓದುವಾಗ ಚಿಕ್ಕಮ್ಮನ ಎಂ-ಪೆಸಾ ಅಂಗಡಿ ನೋಡಿಕೊಂಡವರಂತೆ. ಕೇಳಿದ ಪ್ರಶ್ನೆ ಯಾವುದೂ ಸಾಫ್ಟ್‌ವೇರಿನದಲ್ಲ. ಒಂದು ಅರ್ಜಿಗೆ ಎಷ್ಟು ಸಿಗುತ್ತದೆ? ಎಷ್ಟು ದಿನಕ್ಕೆ ಖಾತೆಗೆ ಬರುತ್ತದೆ? ಯಂತ್ರದಲ್ಲಿ ದುಡ್ಡು ಕಡಿತ ಆಗಿ, ಕೊಡೋಕೆ ಪೆಟ್ಟಿಗೆಯಲ್ಲಿ ನೋಟಿಲ್ಲದಿದ್ದರೆ ಏನು ಮಾಡುತ್ತೀರಿ? ನೋಟು ತರೋಕೆ ಬ್ಯಾಂಕಿಗೆ ಹೋದಾಗ ಅಂಗಡಿ ಯಾರು ನೋಡುತ್ತಾರೆ? ಅಕ್ಕ ಮೊದಲು ನಾಚಿಕೊಂಡರು. ಆಮೇಲೆ ನಿಲ್ಲಿಸಲೇ ಇಲ್ಲ. 'ಈ ಪ್ರಶ್ನೆ ನನಗೆ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ' ಅಂತ ನನ್ನ ಕಡೆ ತಿರುಗಿ ಅಂದರು. ನಾನೂ ಕೇಳಿರಲಿಲ್ಲ. ನನ್ನ ಫಾರಂನಲ್ಲಿ ಆ ಕಾಲಂ ಇಲ್ಲ.

ಒಂದು ಗಂಟೆಗೆ ಕರೆಂಟ್ ಬಂತು. ಪುಣೆಗೆ ಫೋನ್ ಹೋಯಿತು. ಊಟದ ಡಬ್ಬಿ ಬಿಚ್ಚುವ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಅಳಿಯ ಆರು ಅಂಕಿ ಒಂದೊಂದಾಗಿ ಹೇಳಿದ, ಅಕ್ಕ ಒತ್ತಿದರು, ಆಯಿತು. ಅಕ್ಕ ಎದ್ದು ಮಾನಿಟರ್ ಅಜ್ಜಿಯ ಕಡೆ ತಿರುಗಿಸಿದರು. ವೈರು ಕಿತ್ತು ಬಂತು. ಮತ್ತೆ ಮೊದಲಿಂದ.

ಹಳೇ_ದಫ್ತರ, 10:41

ತಿರುಗಿಸಿದರಲ್ಲ, ಸಾಕು. ವೈರು ನಾನು ಕಳಿಸುತ್ತೇನೆ. ಎಷ್ಟು ಮೀಟರ್ ಬೇಕು?

ಕೌಂಟರ್_ಅಕ್ಕ, 10:55

ಮೂರು ಮೀಟರ್ ಸಾಕು ಕಾಕಾ. ತಂಗಿ, ನೀನು ಸೋಮವಾರ ಈ ಕಡೆ ಬಂದರೆ ಸೂಪರ್ ಮಾರ್ಕೆಟಿನಿಂದ ಒಂದು ಬುಕ್ಕು ತೆಗೆದುಕೊಂಡು ಬಾ. ಉದ್ದದ್ದು, 200 ಪುಟದ್ದು, ಗೆರೆ ಇರೋದು. ಹಳೇದು ತುಂಬಿತು.